ಬೀಜದಲ್ಲಿ ಅಡಗಿದ ಬೇನೆ

‘ಬಿತ್ತಿದಂತೆ ಬೆಳೆ’ ಎಂಬುದು ನಮ್ಮ ಹಿರಿಯರ ಮಾತು. ಆ ಮಾತಿನ ಆಳವನ್ನು ಅರಿಯಬೇಕಾದರೆ ಕಡಲೆಯ ಹೊಲದತ್ತ ನೋಡಬೇಕು. ಕಲಬುರಗಿ, ವಿಜಯಪುರ, ಗದಗ, ಧಾರವಾಡ ಮೊದಲಾದ ಜಿಲ್ಲೆಗಳ ಎರೆಭೂಮಿಯಲ್ಲಿ ಕಡಲೆ ಹಿಂಗಾರಿನ ಮುಖ್ಯ ಬೆಳೆ. ಮಳೆಗಾಲ ಕಳೆದ ಮೇಲೆ ನೆಲದಲ್ಲಿ ಉಳಿದ ತೇವವನ್ನೇ ನಂಬಿ ಅದು ಬೆಳೆಯುತ್ತದೆ. ಬಡವನ ಊಟಕ್ಕೆ ಪುಷ್ಟಿಯನ್ನೂ, ಬೇರಿನ ಗಂಟುಗಳ ಮೂಲಕ ನೆಲಕ್ಕೆ ಸಾರಜನಕವನ್ನೂ ಒದಗಿಸುತ್ತದೆ.

ಇಂತಹ ಉಪಕಾರಿ ಬೆಳೆಯನ್ನು ಕಾಡುವ ಬೇನೆಗಳಲ್ಲಿ ಸೊರಗು ರೋಗವು ಬಹು ಕ್ರೂರವಾದುದು. ಫ್ಯೂಸೇರಿಯಂ ಎಂಬ ಶಿಲೀಂಧ್ರವೇ ಇದಕ್ಕೆ ಕಾರಣ. ಅದು ಬೇರಿನ ಮೂಲಕ ಗಿಡವನ್ನು ಹೊಕ್ಕು, ನೀರನ್ನು ಮೇಲಕ್ಕೊಯ್ಯುವ ಸೂಕ್ಷ್ಮ ನಾಳಗಳನ್ನು ಕಟ್ಟಿಬಿಡುತ್ತದೆ. ನೆಲದಲ್ಲಿ ತೇವವಿದ್ದರೂ ಗಿಡವು ಬಾಯಾರಿ ಸಾಯುತ್ತದೆ. ಬಿತ್ತಿದ ಮೂರು ನಾಲ್ಕು ವಾರಗಳಲ್ಲಿಯೇ ಎಳೆಯ ಸಸಿಗಳು ಬಾಡಿ ಬೀಳುವುದುಂಟು. ಸತ್ತ ಗಿಡದ ಕಾಂಡವನ್ನು ಉದ್ದಕ್ಕೆ ಸೀಳಿದರೆ ಒಳಗೆ ಕಪ್ಪುಮಿಶ್ರಿತ ಕಂದು ಗೆರೆ ಕಾಣುತ್ತದೆ.

ಈ ರೋಗ ಹೊಲಕ್ಕೆ ಬರುವುದು ಎಲ್ಲಿಂದ? ಮಣ್ಣಿನಿಂದ ಎಂಬುದು ಒಂದು ಉತ್ತರ. ಹೈದರಾಬಾದಿನ ಬಳಿಯ ಪಟಾನ್‌ಚೆರುವಿನಲ್ಲಿರುವ ಇಕ್ರಿಸ್ಯಾಟ್ ಸಂಸ್ಥೆಯ ವಿಜ್ಞಾನಿಗಳು ಎರಡನೆಯ ಉತ್ತರವನ್ನು 1978ರಲ್ಲಿ ಪ್ರಕಟಿಸಿದರು: ಅದು ಬೀಜದಿಂದಲೂ ಬರುತ್ತದೆ. ರೋಗವು ತಡವಾಗಿ ತಗುಲಿದ ಗಿಡ ಸಾಯುವ ಮುನ್ನ ಕಾಯಿ ಕಟ್ಟುತ್ತದೆ. ಕಾಳು ಕಾಯಿಗೆ ಅಂಟಿಕೊಂಡಿದ್ದ ಗುರುತಿನ ಬಳಿ ಶಿಲೀಂಧ್ರವು ನಿದ್ರಿಸುತ್ತಿರುತ್ತದೆ. ಅಂತಹ ಕಾಳು ಕಣ್ಣಿಗೆ ಚೆನ್ನಾಗಿಯೇ ಕಾಣಬಹುದು. ರೈತನು ಅದನ್ನು ಬೀಜಕ್ಕೆಂದು ಎತ್ತಿಡುತ್ತಾನೆ; ನೆರೆಯವನು ಕೇಳಿದರೆ ಪ್ರೀತಿಯಿಂದ ಕೊಡುತ್ತಾನೆ. ಕೊಟ್ಟವನಿಗೂ ತಿಳಿಯದೆ, ಪಡೆದವನಿಗೂ ತಿಳಿಯದೆ ರೋಗವು ಹೊಸ ಹೊಲವನ್ನು ಸೇರುತ್ತದೆ. ಒಮ್ಮೆ ಸೇರಿತೆಂದರೆ, ಕಡಲೆಯನ್ನು ಬಿತ್ತದೆ ಬಿಟ್ಟರೂ ಅದು ಆರು ವರ್ಷಗಳವರೆಗೆ ಮಣ್ಣಿನಲ್ಲಿ ಬದುಕಿರಬಲ್ಲುದು. ಒಂದೆರಡು ವರ್ಷ ಬೆಳೆ ಬದಲಿಸಿದ ಮಾತ್ರಕ್ಕೆ ಅದು ತೊಲಗದು.

ಆದುದರಿಂದ ಬಿತ್ತುವ ಮೊದಲೇ ಎಚ್ಚರಗೊಳ್ಳುವುದು ಜಾಣತನ. ರೋಗವಿಲ್ಲದ ಹೊಲದಿಂದಲೇ ಬೀಜವನ್ನು ಆರಿಸಬೇಕು. ಶಿಲೀಂಧ್ರನಾಶಕದಿಂದ ಬೀಜೋಪಚಾರ ಮಾಡಿದರೆ ಕಾಳಿನಲ್ಲಿ ಅಡಗಿದ ಬೇನೆ ಅಳಿಯುತ್ತದೆ. ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರವನ್ನು ಬೀಜಕ್ಕೆ ಲೇಪಿಸುವ ಕ್ರಮವೂ ಉಂಟು. ಇದು ಮುಳ್ಳಿನಿಂದ ಮುಳ್ಳನ್ನು ತೆಗೆದಂತೆ. ಮಣ್ಣಿನಲ್ಲಿ ಮೊದಲೇ ನೆಲೆಸಿದ ರೋಗಕ್ಕೆ, ಅದನ್ನು ತಡೆದು ನಿಲ್ಲುವ ತಳಿಯೇ ಉತ್ತಮ ಪರಿಹಾರ. ಉತ್ತರ ಕರ್ನಾಟಕದ ರೈತರು ಬಹುಕಾಲ ಮೆಚ್ಚಿ ಬೆಳೆದ ಅಣ್ಣಿಗೇರಿ ತಳಿಗೆ ಈ ಶಕ್ತಿ ಇರಲಿಲ್ಲ. ರಾಯಚೂರಿನ ಕೃಷಿ ವಿಶ್ವವಿದ್ಯಾನಿಲಯ ಮತ್ತು ಇಕ್ರಿಸ್ಯಾಟ್ ವಿಜ್ಞಾನಿಗಳು ಮತ್ತೊಂದು ತಳಿಯ ನಿರೋಧ ಗುಣವನ್ನು ಅದಕ್ಕೆ ಕೂಡಿಸಿದರು. ಹೀಗೆ ಹುಟ್ಟಿದ ‘ಸೂಪರ್ ಅಣ್ಣಿಗೇರಿ’ ತಳಿ 2019ರಲ್ಲಿ ಬೆಳಕಿಗೆ ಬಂದಿತು.

ಬೀಜವನ್ನು ಹಂಚಿಕೊಳ್ಳುವುದು ನಮ್ಮ ಹಳ್ಳಿಗಳ ಹಿರಿಯ ಗುಣ. ಆ ಗುಣ ಉಳಿಯಬೇಕು. ಆದರೆ ಕೊಡುವ ಬೀಜವನ್ನು ಪರೀಕ್ಷಿಸಿ, ಉಪಚರಿಸಿ ಕೊಡುವ ವಿವೇಕವೂ ಅದರ ಜೊತೆಗೆ ಬೆಳೆಯಬೇಕು.