ಪ್ರಶ್ನೆ ಸುಲಭ, ಕರೆ ದುಬಾರಿ

ಟಿವಿ ಸ್ಪರ್ಧೆಗಳಿಗೆ ಫೋನ್ ಮಾಡುವ ನಿಮ್ಮ ಮಾವನವರು, ಸರಿ ಉತ್ತರ ಗೊತ್ತಿದ್ದೂ ಒಮ್ಮೆಯೂ ಗೆದ್ದಿಲ್ಲ ಎಂದು ಬರೆದಿದ್ದೀರಿ. ಆಶ್ಚರ್ಯವೇನಿಲ್ಲ. ಪ್ರಶ್ನೆ ಅಷ್ಟು ಸುಲಭವಾಗಿರುವುದೇ ಹೆಚ್ಚು ಜನ ಫೋನ್ ಮಾಡಲಿ ಎಂದು. ಉತ್ತರ ಎಲ್ಲರಿಗೂ ಗೊತ್ತಿದ್ದ ಮೇಲೆ ಅಲ್ಲಿ ಜಾಣತನಕ್ಕೇನು ಕೆಲಸ? ಉಳಿಯುವುದು ಚೀಟಿ ಎತ್ತುವ ಆಟ. ಚೀಟಿಗೆ ಕಾಸು ಕೊಡುವವರು ಫೋನ್ ಮಾಡುವವರೇ.

2007ರ ‘ಕೌನ್ ಬನೇಗಾ ಕರೋಡ್‌ಪತಿ’ಯಲ್ಲಿ ವೀಕ್ಷಕರ ಸ್ಪರ್ಧೆಗೆ ಒಂದು ಎಸ್ಸೆಮ್ಮೆಸ್‌ಗೆ 2.40 ರೂಪಾಯಿ ಇತ್ತು. ಬಹುಮಾನದ ದುಡ್ಡು ಆ ಎಸ್ಸೆಮ್ಮೆಸ್‌ಗಳಿಂದಲೇ ಬಂತೆಂಬ ದೂರನ್ನು ಒಪ್ಪಿ ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಆಯೋಜಕರಿಗೆ 1 ಕೋಟಿ ರೂಪಾಯಿ ತೆರಲು ಹೇಳಿತು. ತಕ್ಕ ಪುರಾವೆ ಇಲ್ಲವೆಂದು ಸುಪ್ರೀಂ ಕೋರ್ಟ್ 2019ರಲ್ಲಿ ಅದನ್ನು ರದ್ದುಮಾಡಿತು. ಹಾಗಾಗಿ ಎಲ್ಲವೂ ಮೋಸ ಎಂದು ನಾನು ಹೇಳಲಾರೆ. ಬ್ರಿಟನ್ನಿನಲ್ಲಿ ಮಾತ್ರ ಪುರಾವೆ ಸಿಕ್ಕಿತ್ತು: ಕರೆಗಳು ಇನ್ನೂ ಬರುತ್ತಿರುವಾಗಲೇ ಅಂತಿಮ ಪಟ್ಟಿ ಆರಿಸಿಟ್ಟಿದ್ದ ಜಿಎಂಟಿವಿ ವಾಹಿನಿಗೆ 2007ರಲ್ಲಿ 20 ಲಕ್ಷ ಪೌಂಡ್ ದಂಡ ಬಿತ್ತು.

ಮಾವನವರ ಫೋನ್ ಕಿತ್ತುಕೊಳ್ಳಬೇಡಿ. ಅವರ ಜೊತೆ ಕೂತು ಬಿಲ್ಲು ನೋಡಿ. ಮೊತ್ತವನ್ನು ಅವರೇ ಓದಲಿ. ತಪ್ಪು ಕಡಿತ ಕಂಡರೆ ಫೋನ್ ಕಂಪನಿಗೆ ದೂರು ಕೊಡಿ, ಬಗೆಹರಿಯದಿದ್ದರೆ ಗ್ರಾಹಕ ಸಹಾಯವಾಣಿ 1915 ಇದೆ. ಇನ್ನು, ‘ಬಹುಮಾನ ಬಂದಿದೆ, ಮೊದಲು ತೆರಿಗೆ ಕಟ್ಟಿ’ ಎಂದು ಯಾರಾದರೂ ಕರೆ ಮಾಡಿದರೆ ಮಾತಿಲ್ಲದೆ ಫೋನ್ ಇಟ್ಟುಬಿಡಲು ಹೇಳಿ.