ಜಿಮ್‌ಗೆ ಸೇರುವ ಮುನ್ನ

ಬಸವೇಶ್ವರನಗರದಿಂದ ಕೆಂಗೇರಿಯವರೆಗೂ ಜಿಮ್‌ಗಳಿವೆ, ಅವುಗಳ ಆಫರ್‌ಗಳೂ ಇವೆ. ವರ್ಷದ ಶುಲ್ಕ ಒಟ್ಟಿಗೆ ಕಟ್ಟುವ ಮುನ್ನ ಕೇಳಿಕೊಳ್ಳಿ: ಸೇರುತ್ತಿರುವುದು ಮೈಗಾಗಿಯೋ, ಆಫೀಸಿನವರೆಲ್ಲ ಸೇರಿದ್ದಾರೆಂದೋ? ಎರಡನೆಯದಾದರೂ ನಾಚಿಕೊಳ್ಳಬೇಡಿ. ಜೊತೆಗೆ ನಾಲ್ಕು ಜನರಿದ್ದರೆ ಬೆಳಗ್ಗೆ ಏಳುವ ಮನಸ್ಸಾಗುತ್ತದೆ, ಅದು ದೊಡ್ಡದೇ. ಆದರೆ ಮೊದಲು ತಿಂಗಳ ಲೆಕ್ಕದಲ್ಲಿ ಕಟ್ಟಿ. ಜೊತೆಯವರು ಬಿಟ್ಟ ಮೇಲೂ ಹೋಗುತ್ತೀರಾ ನೋಡಿ.

ಮೈಕಟ್ಟಿನ ಮೋಹವನ್ನು ಬೆಂಗಳೂರಿಗೆ ಇನ್‌ಸ್ಟಾಗ್ರಾಂ ತಂದದ್ದಲ್ಲ. ‘ಶಾಂತಲಾ’ ಕಾದಂಬರಿ ಬರೆದ ಕೆ.ವಿ. ಅಯ್ಯರ್ 1930ರ ದಶಕದಲ್ಲೇ ಇಲ್ಲಿ ವ್ಯಾಯಾಮಶಾಲೆ ನಡೆಸುತ್ತಿದ್ದರು. ತಮ್ಮ ಮೈಕಟ್ಟಿನ ಫೋಟೊಗಳಿದ್ದ ಪುಸ್ತಕಗಳನ್ನೂ ತಂದರು. ಸುಂದರವಾಗಿ ಕಾಣುವ ಆಸೆ ತಪ್ಪಲ್ಲ. ಆದರೆ ಅವರು ಸೂರ್ಯನಮಸ್ಕಾರದ ಬಗ್ಗೆಯೂ ಬರೆದರು. ಅದಕ್ಕೆ ಬೇಕಾದದ್ದು ಚಾಪೆ ಹಾಸುವಷ್ಟು ಜಾಗ.

ನನಗೆ ಹೆಚ್ಚು ಕಳವಳ ಪ್ರೋಟೀನ್ ಡಬ್ಬಿಯದು. ಕಾಲೇಜು ಹುಡುಗರು ಪಾಕೆಟ್ ಮನಿ ಉಳಿಸಿ ಅದನ್ನು ಕೊಳ್ಳುತ್ತಾರೆ, ಕೊಳ್ಳದವನು ಗುಂಪಿನಲ್ಲಿ ಸಣ್ಣವನಾಗುತ್ತಾನೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಪ್ರಕಾರ ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ ಪ್ರತಿ ಕೆ.ಜಿ. ತೂಕಕ್ಕೆ 0.83 ಗ್ರಾಂ ಪ್ರೋಟೀನ್ ಸಾಕು; 60 ಕೆ.ಜಿ. ಇದ್ದವರಿಗೆ ಸುಮಾರು 50 ಗ್ರಾಂ. ಬೇಳೆ, ಕಾಳಿನ ಉಸಲಿ, ಮೊಸರು, ಮೊಟ್ಟೆಯಿಂದಲೇ ಅದನ್ನು ತುಂಬಿಸಬಹುದು. ಮೈ ಬೆಳೆಸಲು ಪ್ರೋಟೀನ್ ಪುಡಿ ಬೇಡ ಎಂದು ಐಸಿಎಂಆರ್‌ನ 2024ರ ಆಹಾರ ಮಾರ್ಗಸೂಚಿಯೂ ಹೇಳಿದೆ. ತರಬೇತುದಾರರೇ ಡಬ್ಬಿ ಮುಂದಿಟ್ಟರೆ, ‘ಡಾಕ್ಟರನ್ನ ಕೇಳಿ ಹೇಳ್ತೀನಿ ಸಾರ್’ ಎಂದು ಹೊರಟುಬಿಡಿ.

ಶುಲ್ಕ ಕಟ್ಟಲಾಗದ ತಿಂಗಳಲ್ಲಿ ಮನೆ ಹತ್ತಿರದ ಪಾರ್ಕಿಗೆ ಹೋಗಿ. ವಾರಕ್ಕೆ 150 ನಿಮಿಷದ ಬಿರುಸು ನಡಿಗೆಯೂ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ವ್ಯಾಯಾಮವೇ.