ಆ್ಯಪ್ ಬೇಡ, ಒಂದು ಪುಟ ಸಾಕು

ಜಾವಳಿ

ಪ್ರೀತಿಯ ಪುಟ್ಟಿ,

ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ಬಂದು, ನಮ್ಮ ತೋಟದ ಕಾಫಿಯನ್ನು ನೀನೇ ಹುರಿದು ಪುಡಿ ಮಾಡಿ, ಕಾಳುಮೆಣಸು ಮತ್ತು ಜೇನಿನ ಜೊತೆ ನೇರವಾಗಿ ಗಿರಾಕಿಗಳಿಗೆ ಮಾರುತ್ತೀಯಂತೆ. ನಿನ್ನಪ್ಪ ಮೊನ್ನೆ ಬಂದಾಗ ಹೇಳಿದ. ಅವನ ಮುಖದಲ್ಲಿ ಚಿಂತೆ ಇತ್ತು, ನನಗೆ ಮಾತ್ರ ಸಂತೋಷವೇ ಆಯಿತು. ಆದರೆ ಇದಕ್ಕೊಂದು ಆ್ಯಪ್ ಮಾಡಿಸಬೇಕು, ಯಾರೋ ಎರಡು ಲಕ್ಷ ಕೇಳಿದ್ದಾರೆ ಎಂದೂ ಹೇಳಿದ. ಆ ಮಾತಿಗೇ ಈ ಕಾಗದ. ಫೋನಿನಲ್ಲಿ ಹೇಳಿದರೆ ನೀನು "ಹೂಂ ದೊಡ್ಡಪ್ಪ" ಅಂದು ಮುಗಿಸಿಬಿಡುತ್ತೀಯ.

ಆ ಎರಡು ಲಕ್ಷ ಕೊಡಬೇಡ ಮಾರಾಯ್ತಿ.

ನಾನು ಮೊಬೈಲ್ ವಿರೋಧಿ ಅಂತ ತಿಳಿಯಬೇಡ. ಈಗ ಮೂಡಿಗೆರೆಯ ವ್ಯಾಪಾರಿ ಅರೇಬಿಕಾ ಪಾರ್ಚ್‌ಮೆಂಟಿಗೆ ಎಷ್ಟು, ರೋಬಸ್ಟಾ ಚೆರಿಗೆ ಎಷ್ಟು ಅಂತ ವಾಟ್ಸಾಪಿನಲ್ಲಿ ಹಾಕುವ ದರವನ್ನು ನಾನೂ ದಿನಾ ನೋಡುತ್ತೇನೆ. ನ್ಯೂಯಾರ್ಕಿನಲ್ಲಿ ಅರೇಬಿಕಾ ಏರಿದರೆ, ಲಂಡನ್ನಿನಲ್ಲಿ ರೋಬಸ್ಟಾ ಇಳಿದರೆ ಜಾವಳಿಯ ಜಗುಲಿಗೆ ಅವತ್ತೇ ಗೊತ್ತಾಗುತ್ತದೆ. ನಿನ್ನ ಅಜ್ಜನ ಕಾಲ ಹೀಗಿರಲಿಲ್ಲ. ಬೆಳೆದ ಕಾಫಿಯನ್ನೆಲ್ಲ ಕಾಫಿ ಮಂಡಳಿಯ ಪೂಲ್‌ಗೆ ಒಪ್ಪಿಸಬೇಕಿತ್ತು, ದುಡ್ಡು ಕಂತಿನಲ್ಲಿ ಬರುತ್ತಿತ್ತು. ನಮ್ಮ ಕಾಫಿಯನ್ನು ನಾವೇ ಯಾರಿಗೆ ಬೇಕಾದರೂ ಮಾರಬಹುದು ಅನ್ನುವ ಪೂರ್ಣ ಸ್ವಾತಂತ್ರ್ಯ ಸಿಕ್ಕಿದ್ದು 1996ರ ಹೊತ್ತಿಗೆ. ಅದೇ ವರ್ಷ ನಮ್ಮ ಚಿಕ್ಕಮಗಳೂರು ಜಿಲ್ಲೆಯ ವಿ.ಜಿ. ಸಿದ್ಧಾರ್ಥ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಮೊದಲ ಕೆಫೆ ಕಾಫಿ ಡೇ ತೆರೆದರು. ಅದು ಬರೀ ಕಾಫಿ ಅಂಗಡಿಯಲ್ಲ, ಕಾಫಿ ಕುಡಿಯುತ್ತ ಇಂಟರ್ನೆಟ್ ನೋಡುವ ಜಾಗ. ಕಾಫಿಗೂ ಇಂಟರ್ನೆಟ್ಟಿಗೂ ನಂಟು ಹಾಕಿದವರಲ್ಲಿ ನಮ್ಮವರೂ ಇದ್ದರು ನೋಡು. ನಾವು ಮಾತ್ರ ಇಷ್ಟು ವರ್ಷ ತೋಟದ ಗೇಟಿನಲ್ಲೇ ಮೂಟೆ ತೂಗಿ ಕೊಟ್ಟು ಸುಮ್ಮನಾದೆವು. ನೀನು ಅದನ್ನು ಮುರಿಯಲು ಹೊರಟಿದ್ದೀಯ, ಒಳ್ಳೆಯದು.

ಈಗ ಆ್ಯಪಿನ ಮಾತು. ನಿನ್ನ ಗಿರಾಕಿ ಯಾರು, ಯೋಚಿಸು. ಜಯನಗರದ ಒಂದು ಮನೆ, ಮೈಸೂರಿನ ಒಬ್ಬ ಮೇಷ್ಟರು, ಹೊರನಾಡಿಗೆ ಹೋಗುವ ದಾರಿಯಲ್ಲಿ ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ನಮ್ಮ ಕಡೆ ತಿರುಗಿದ ಒಂದು ಕಾರು. ಅವರು ತಿಂಗಳಿಗೆ ಅರ್ಧ ಕಿಲೋ ಪುಡಿ ತರಿಸುತ್ತಾರೆ. ಅದಕ್ಕಾಗಿ ಫೋನಿನಲ್ಲಿ ಇನ್ನೊಂದು ಆ್ಯಪ್ ಇಳಿಸಿಕೊಂಡು, ನಂಬರು ಕೊಟ್ಟು, ಓಟಿಪಿ ಹಾಕಿ ಕೂರುತ್ತಾರೆಯೇ? ಇಳಿಸಿಕೊಂಡರೂ ಜಾಗ ಸಾಲದಾದಾಗ ಮೊದಲು ಅಳಿಸುವುದು ನಮ್ಮಂಥವರ ಆ್ಯಪನ್ನೇ. ಮೇಲಾಗಿ ಆ್ಯಪ್ ಒಮ್ಮೆ ಮಾಡಿಸಿದರೆ ಮುಗಿಯಲಿಲ್ಲ. ಫೋನಿನ ತಂತ್ರಾಂಶ ಬದಲಾದಾಗಲೆಲ್ಲ ಅದನ್ನೂ ತಿದ್ದಿಸಬೇಕು, ತಿದ್ದಿಸಿದಾಗಲೆಲ್ಲ ದುಡ್ಡು. ದಿನಕ್ಕೆ ಸಾವಿರಾರು ಆರ್ಡರ್ ಇರುವವರಿಗೆ ಅದು ಸರಿ. ನಿನಗೆ ಬೇಕಿರುವುದು ಮೊಬೈಲಿನಲ್ಲಿ ಚೆನ್ನಾಗಿ ಕಾಣುವ ಒಂದೇ ಒಂದು ವೆಬ್ ಪುಟ. ಲಿಂಕ್ ಒತ್ತಿದರೆ ತೆರೆಯಬೇಕು, ನೋಡಿದವರು ಅಲ್ಲಿಂದಲೇ ಫೋನ್ ಮಾಡುವಂತಿರಬೇಕು.

ಆ ಪುಟ ಹಗುರವಾಗಿರಲಿ. ನಗರದ ಹುಡುಗರು ಫೈಬರ್ ವೈಫೈನಲ್ಲಿ ಕೂತು ಮಾಡಿಕೊಡುವ ಪುಟಗಳು ನಮ್ಮ ಘಟ್ಟದಲ್ಲಿ ತೆರೆಯುವಷ್ಟರಲ್ಲಿ ಒಲೆಯ ಮೇಲಿನ ಹಾಲು ಉಕ್ಕಿರುತ್ತದೆ. ಮೊಬೈಲಿನಲ್ಲಿ ತೆಗೆದ ಫೋಟೋ ಒಂದೊಂದೂ ನಾಲ್ಕೈದು ಎಂಬಿ ಇರುತ್ತದೆ. ಅದನ್ನೇ ಕುಗ್ಗಿಸಿ ನೂರಿನ್ನೂರು ಕೆಬಿ ಮಾಡಿದರೂ ಕಾಫಿ ಹಣ್ಣು ಕೆಂಪಗೇ ಕಾಣುತ್ತದೆ. ಓಡುವ ವಿಡಿಯೋ, ತಾನಾಗಿ ಬಾರಿಸುವ ಸಂಗೀತ, ಮೇಲಿಂದ ಇಳಿಯುವ ಪರದೆ ಯಾವುದೂ ಬೇಡ. ಮಾಡಿಸಿದ ಮೇಲೆ ನಮ್ಮ ಮನೆಯ ಹಿಂದಿನ ಕಣದಲ್ಲಿ, ಸಿಗ್ನಲ್ ಒಂದೇ ಕಡ್ಡಿ ಇರುವ ಕಡೆ ನಿಂತು ತೆರೆದು ನೋಡು. ಅಲ್ಲಿ ತೆರೆದರೆ ಪ್ರಪಂಚದಲ್ಲಿ ಎಲ್ಲಿ ಬೇಕಾದರೂ ತೆರೆಯುತ್ತದೆ.

ಅದರಲ್ಲಿ ಏನಿರಬೇಕು ಅನ್ನುವುದು ಮುಖ್ಯ. ದರ, ತೂಕ, ಹುರಿದ ದಿನ, ಪಾರ್ಸೆಲ್ ಖರ್ಚು, ಒತ್ತಿದರೆ ಕರೆ ಹೋಗುವ ಫೋನ್ ನಂಬರು. ದರ ಮುಚ್ಚಿಟ್ಟು "ಬೆಲೆಗೆ ಮೆಸೇಜ್ ಮಾಡಿ" ಅನ್ನುವ ಚಾಳಿ ನನಗೆ ಸ್ವಲ್ಪವೂ ಹಿಡಿಸುವುದಿಲ್ಲ. ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಿ ಆ 14 ಅಂಕಿಯ ಸಂಖ್ಯೆಯನ್ನು ಪೊಟ್ಟಣದ ಮೇಲೂ ಪುಟದಲ್ಲೂ ಹಾಕು. ಚಿಕೋರಿ ಬೆರೆಸುವುದಾದರೆ ನೂರಕ್ಕೆ ಎಷ್ಟು ಅಂತ ಬರೆಯಲೇಬೇಕು. 49ಕ್ಕಿಂತ ಹೆಚ್ಚು ಬೆರೆಸುವಂತೆಯೇ ಇಲ್ಲ. ಬೆರೆಸದಿದ್ದರೆ "ಚಿಕೋರಿ ಇಲ್ಲ" ಅಂತ ದಪ್ಪಕ್ಷರದಲ್ಲಿ ಹಾಕು, ಅದಕ್ಕಿಂತ ದೊಡ್ಡ ಜಾಹೀರಾತು ಬೇಕಿಲ್ಲ. ಚಿಕ್ಕಮಗಳೂರು ಅರೇಬಿಕಾಕ್ಕೆ 2019ರಲ್ಲಿ ಭೌಗೋಳಿಕ ಸೂಚ್ಯಂಕ ಸಿಕ್ಕಿದೆ ನಿಜ. ಹಾಗಂತ ಆ ಮುದ್ರೆಯನ್ನು ಎತ್ತಿ ಅಂಟಿಸಿಕೊಳ್ಳಬೇಡ, ಅಧಿಕೃತ ಬಳಕೆದಾರರಾಗಿ ಹೆಸರು ಬರೆಸಿದವರಿಗೆ ಮಾತ್ರ ಅದು. ಎಲ್ಲವನ್ನೂ ಕನ್ನಡದಲ್ಲಿ ಬರೆದು, ಕೆಳಗೆ ಇಂಗ್ಲಿಷ್ ಇರಲಿ. ಹೇಮಾವತಿ ಹುಟ್ಟುವ ಊರಿನ ಕಾಫಿ ಅಂತ ಒಂದು ಸಾಲು ಸೇರಿಸು. ಅದು ಬಣ್ಣದ ಮಾತಲ್ಲ, ನದಿ ಇಲ್ಲೇ ಹುಟ್ಟುತ್ತದೆ.

ಪುಟದ ವಿಳಾಸ ನಿನ್ನ ಹೆಸರಿನಲ್ಲೇ ಇರಲಿ. ಡೊಮೈನಿಗೆ ವರ್ಷಕ್ಕೆ ತಗಲುವುದು ಒಂದೆರಡು ಕಿಲೋ ಪುಡಿಯ ದುಡ್ಡು, ಅಷ್ಟೇ. ಪುಕ್ಕಟೆ ಸಿಗುವಾಗ ಇದೇಕೆ ಅನ್ನಬೇಡ. ಗೂಗಲ್ ಬಿಸಿನೆಸ್ ಪ್ರೊಫೈಲಿನಲ್ಲಿ ಸಣ್ಣ ಅಂಗಡಿಗಳಿಗೆ ಪುಕ್ಕಟೆ ವೆಬ್‌ಸೈಟ್ ಮಾಡಿಕೊಡುತ್ತಿದ್ದರು, 2024ರ ಮಾರ್ಚಿನಲ್ಲಿ ಅವನ್ನೆಲ್ಲ ನಿಲ್ಲಿಸಿಬಿಟ್ಟರು. 2020ರ ಜೂನ್ 29ರಂದು ಸರ್ಕಾರ ಟಿಕ್‌ಟಾಕ್ ಸೇರಿ 59 ಆ್ಯಪ್ ನಿಷೇಧಿಸಿದಾಗ, ಅದರಲ್ಲೇ ಹೆಸರು ಮಾಡಿ ವ್ಯಾಪಾರ ಕಟ್ಟಿಕೊಂಡಿದ್ದವರು ರಾತ್ರೋರಾತ್ರಿ ಕಾಣೆಯಾದರು. 2021ರ ಅಕ್ಟೋಬರ್ 4ರಂದು ವಾಟ್ಸಾಪ್, ಇನ್‌ಸ್ಟಾಗ್ರಾಮ್, ಫೇಸ್‌ಬುಕ್ ಮೂರೂ ಸುಮಾರು ಆರು ಗಂಟೆ ಸತ್ತು ಬಿದ್ದಿದ್ದವು. ಆದರೂ ಗೂಗಲ್, ವಾಟ್ಸಾಪ್ ಬಳಸಬೇಡ ಅಂತಲ್ಲ. ಮ್ಯಾಪಿನಲ್ಲಿ ನಮ್ಮ ಗೇಟಿನ ಗುರುತು ಸರಿಯಾಗಿ ಹಾಕು, ಇಲ್ಲದಿದ್ದರೆ ಬಲ್ಲಾಳರಾಯನ ದುರ್ಗ ಹತ್ತಲು ಬಂದವರೆಲ್ಲ ಪಕ್ಕದ ಎಸ್ಟೇಟಿನ ನಾಯಿ ಕೈಲಿ ಬೊಗಳಿಸಿಕೊಳ್ಳುತ್ತಾರೆ. 2018ರಲ್ಲಿ ಬಂದ ವಾಟ್ಸಾಪ್ ಬಿಸಿನೆಸ್ ನಿನ್ನಂಥವರಿಗೆ ಹೇಳಿ ಮಾಡಿಸಿದ್ದು. ಅದರ ಕ್ಯಾಟಲಾಗಿನಲ್ಲಿ ಪುಡಿ, ಮೆಣಸು, ಜೇನು ಇಟ್ಟರೆ ಸಾಕು. ಗಿರಾಕಿಗಳನ್ನು ಒಂದೇ ಗುಂಪಿಗೆ ತುಂಬಿ ದಿನಾ ಗುಡ್ ಮಾರ್ನಿಂಗ್ ಕಳಿಸುವವರಲ್ಲಿ ನೀನೂ ಒಬ್ಬಳಾಗಬೇಡ. ಆದರೆ ಗಿರಾಕಿಯ ಹೆಸರು, ನಂಬರು, ಹುರಿತ ಹದವೋ ಕಪ್ಪೋ, ಕಡೆಯ ಸಲ ತರಿಸಿದ್ದು ಯಾವಾಗ, ಇಷ್ಟನ್ನು ಒಂದು ಪುಸ್ತಕದಲ್ಲಿ ಕೈಯಾರೆ ಬರೆದಿಡು. ಯಾವ ಕಂಪನಿ ಬಾಗಿಲು ಹಾಕಿದರೂ ಆ ಪುಸ್ತಕ ನಿನ್ನ ಕೈಯಲ್ಲಿರುತ್ತದೆ. ನನ್ನ ಪ್ರಕಾರ ನಿನ್ನ ವ್ಯಾಪಾರ ಅಂದರೆ ಅದೇ, ಮಿಕ್ಕದ್ದೆಲ್ಲ ಅದಕ್ಕೆ ಬರುವ ದಾರಿ.

ಸರಳವಾದದ್ದೇ ಸಾಕು ಅನ್ನುವಾಗ ಕಾಫಿ ಕೃಷಿ ತರಂಗ ನೆನಪಾಗುತ್ತದೆ. 2018ರಲ್ಲಿ ಕಾಫಿ ಮಂಡಳಿ ಚಿಕ್ಕಮಗಳೂರು, ಹಾಸನ ಜಿಲ್ಲೆಗಳ ಬೆಳೆಗಾರರಿಗೆಂದು ಶುರುಮಾಡಿದ ಫೋನ್ ಸೇವೆ ಅದು. ಬಟನ್ ಫೋನಿದ್ದವನಿಗೂ ಕರೆಯಲ್ಲೇ ಸಲಹೆ ಸಿಗುತ್ತಿತ್ತು. ಮರುವರ್ಷ ಅದೇ ಮಂಡಳಿ ಬ್ಲಾಕ್‌ಚೈನ್ ಮಾರುಕಟ್ಟೆ ಆ್ಯಪ್ ಒಂದನ್ನೂ ಪ್ರಯೋಗಕ್ಕೆ ಬಿಟ್ಟಿತು. ಎರಡರಲ್ಲಿ ನನ್ನ ಮನಸ್ಸಿಗೆ ಹತ್ತಿರವಾದದ್ದು ಯಾವುದು ಅಂತ ಬೇರೆ ಹೇಳಬೇಕೇ? ನಿನ್ನ ಗಿರಾಕಿಗಳಲ್ಲೂ ಬರೀ ಫೋನ್ ಮಾಡುವ ಅಜ್ಜಿಯರಿರುತ್ತಾರೆ, ಅವರ ಕರೆ ಎತ್ತು.

ಇನ್ನು ದುಡ್ಡಿನ ವಿಷಯ, ಇಲ್ಲಿ ಸ್ವಲ್ಪ ಗಮನ ಕೊಡು. 2016ರಲ್ಲಿ ಯುಪಿಐ ಬಂದ ಮೇಲೆ ಗೂಡಂಗಡಿಯಲ್ಲೂ ಸ್ಕ್ಯಾನರ್ ನೇತಾಡುತ್ತಿದೆ. ಆದರೆ 2025ರ ಜುಲೈನಲ್ಲಿ ಏನಾಯಿತು ಗೊತ್ತಲ್ಲ? ಯುಪಿಐನಲ್ಲಿ ಬಂದ ಮೊತ್ತ ನೋಡಿ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಿತು. ಬೆಂಗಳೂರಿನ ಬೇಕರಿ, ತರಕಾರಿ ಅಂಗಡಿಗಳಲ್ಲಿ "ಯುಪಿಐ ಇಲ್ಲ, ನಗದು ಮಾತ್ರ" ಅಂತ ಚೀಟಿ ಬಿತ್ತು. ಕೊನೆಗೆ ಮುಖ್ಯಮಂತ್ರಿ ಸಿದ್ದರಾಮಯ್ಯನವರೇ ವ್ಯಾಪಾರಿಗಳನ್ನು ಕರೆದು ಮಾತಾಡಬೇಕಾಯಿತು. ಆಗ ಎಲ್ಲರ ಬಾಯಲ್ಲಿದ್ದ ಲೆಕ್ಕ, ವರ್ಷದ ವಹಿವಾಟು ಸರಕಿನಲ್ಲಿ 40 ಲಕ್ಷ, ಸೇವೆಯಲ್ಲಿ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು ಎಂಬುದು. ಬೇರೆ ರಾಜ್ಯಕ್ಕೆ ಕಳಿಸುವುದಾದರೆ ನಿಯಮವೇ ಬೇರೆ, ಮೊದಲೇ ಲೆಕ್ಕಪರಿಶೋಧಕರನ್ನು ಕೇಳಿಕೋ. ಸ್ಕ್ಯಾನರಿಗೆ ಹೆದರಿ ನಗದಿಗೆ ಇಳಿಯುವುದು ನನಗೆ ಸರಿ ಕಾಣುವುದಿಲ್ಲ. ತೊಂದರೆ ಇರುವುದು ಕಲಸುಮೇಲೋಗರದಲ್ಲಿ. ಅಣ್ಣ ಕಳಿಸಿದ ಸಾಲ, ಮದುವೆಯ ಮುಯ್ಯಿ, ಕಾಫಿ ಪುಡಿಯ ದುಡ್ಡು ಎಲ್ಲ ಒಂದೇ ಖಾತೆಗೆ ಬಿದ್ದರೆ ಯಾವುದು ವ್ಯಾಪಾರದ್ದು ಅಂತ ಹೇಗೆ ತೋರಿಸುತ್ತೀ? ವ್ಯಾಪಾರಕ್ಕೆ ಬೇರೆ ಖಾತೆ, ಬೇರೆ ನಂಬರು ಇಟ್ಟುಕೋ, ಪ್ರತಿ ಮಾರಾಟಕ್ಕೆ ಬಿಲ್ ಬರಿ.

ಹಾಗೆಯೇ, ದುಡ್ಡು ಬರಲು ಪಿನ್ ಒತ್ತಬೇಕಾಗಿಲ್ಲ. "ದುಡ್ಡು ಹಾಕುತ್ತಿದ್ದೇನೆ, ಪಿನ್ ಹಾಕಿ" ಅಂದವನು ಕಳ್ಳ. ಪಾವತಿಯ ಸ್ಕ್ರೀನ್‌ಶಾಟ್ ನಂಬಿ ಪಾರ್ಸೆಲ್ ಕಟ್ಟಬೇಡ, ಖಾತೆಗೆ ಬಂತೋ ನೋಡು. ಏನಾದರೂ ಹೆಚ್ಚುಕಡಿಮೆಯಾದರೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡು.

ಮಳೆಗಾಲದ ಬಗ್ಗೆ ನಿನಗೆ ಹೇಳಬೇಕಿಲ್ಲ. 2019ರ ಆಗಸ್ಟಿನಲ್ಲಿ ನಮ್ಮ ಮೂಡಿಗೆರೆ ತಾಲ್ಲೂಕಿನಲ್ಲಿ ಗುಡ್ಡಗಳು ಕುಸಿದು ಚಾರ್ಮಾಡಿ ಘಾಟಿಯೇ ಬಂದ್ ಆಗಿತ್ತು. ಕರೆಂಟ್ ಹೋದರೆ ಟವರೂ ಹೋಗುತ್ತದೆ. ಅದಕ್ಕೇ ಪುಟದಲ್ಲಿ ಈಗಲೇ ಬರೆದಿಡು: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಾರ್ಸೆಲ್ ಕೆಲವು ದಿನ ತಡವಾಗಬಹುದು, ಕರೆ ಸಿಗದಿದ್ದರೆ ಬೇಸರಿಸಬೇಡಿ. ಮಲೆನಾಡಿನ ಮಳೆ ಗೊತ್ತಿದ್ದವರು ಕಾಯುತ್ತಾರೆ.

ಉಳಿಸಿದ ಎರಡು ಲಕ್ಷದಲ್ಲಿ ಒಳ್ಳೆಯ ಹುರಿಯುವ ಯಂತ್ರದ ಕಡೆ ನೋಡು, ಇನ್‌ವರ್ಟರ್ ಒಂದನ್ನು ಹಾಕಿಸು. ಪುಟ ತಯಾರಾದ ದಿನ ಮೊದಲ ಲಿಂಕು ನನಗೇ ಕಳಿಸು. ನನ್ನ ಹಳೇ ಫೋನಿನಲ್ಲಿ ಕನ್ನಡಕವಿಲ್ಲದೆ ದರ ಓದಲು ಬಂದರೆ ಒಂದು ಕಿಲೋ ಪುಡಿಗೆ ಪೂರ್ತಿ ದುಡ್ಡು ಕೊಟ್ಟೇ ತರಿಸುತ್ತೇನೆ. ಬರದಿದ್ದರೆ ಅಕ್ಷರ ದೊಡ್ಡದು ಮಾಡಿಸು.

ಇಂತಿ,
ನಿನ್ನ ದೊಡ್ಡಪ್ಪ